ಎತ್ತಬಾರದ ಫೋನು

ಯರಗಟ್ಟಿಯಲ್ಲಿ ಫೋನಿನ ವಿಷಯಕ್ಕೆ ಖೈರುನಬಿ ಆಯಿಯಷ್ಟು ಗೊಂದಲಪಟ್ಟವರು ಯಾರೂ ಇಲ್ಲ ಎಂದು ನಾನು ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದೆ. ಒಂದು ಮುಂಜಾನೆ ಆಕೆಯ ಹಿಂದೆ ಬಸ್ಸು ಹತ್ತಬೇಕಾಯಿತು. ಅಂದಿನಿಂದ ಆ ಮಾತು ಬಿಟ್ಟಿದ್ದೇನೆ.

ನನ್ನ ಹೊಲಿಗೆ ಅಂಗಡಿಗೂ ಆಯಿಯ ಮನೆಗೂ ನಡುವೆ ಒಂದೇ ಗೋಡೆ. ಆಯಿ ಬಳೆಗಾರ್ತಿ. ಹೆಗಲ ಮೇಲೆ ಬಳೆಯ ಮಲಾರ ಹೊತ್ತುಕೊಂಡು, ಬಸ್ಸು ಸಿಕ್ಕರೆ ಬಸ್ಸು, ಇಲ್ಲವಾದರೆ ಕಾಲು, ಊರೂರು ತಿರುಗಿದವಳು. ಓಣಿಯ ಬಾಯಿಗೆ ನಿಂತು ಒಮ್ಮೆ ಕೂಗಿದಳೆಂದರೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವರೂ ಕೈ ತೊಳೆದುಕೊಂಡು ಬರುತ್ತಿದ್ದರು. ಬಳೆ ಇಡುವಾಗ ಆಕೆ ಒಂದೇ ಸಮ ಮಾತಾಡುತ್ತಿದ್ದಳು, ಯಾಕೆಂದರೆ ಮಾತಿಗೆ ಮೈಮರೆತ ಕೈ ಮೆತ್ತಗಾಗುತ್ತದೆ, ಬಳೆ ಸಲೀಸಾಗಿ ಏರುತ್ತದೆ. ಅರ್ಧ ತಾಲೂಕಿನ ಹೆಂಗಸರ ಸುಖದುಃಖ ಹಾಗೆ ಆಕೆಯ ಕಿವಿಗೆ ಬಿದ್ದಿದೆ.

ಕಟಕೋಳದ ಸುಂದರವ್ವ ಆಕೆಯ ಜೀವದ ಗೆಳತಿ. ಸುಂದರವ್ವನ ಗಂಡ ತೀರಿಕೊಂಡಾಗ ಅವಳ ಬಳೆ ಒಡೆದರು. ಅಂಥ ಮನೆಯ ಮುಂದೆ ಬಳೆಗಾರ್ತಿ ನಿಲ್ಲುವುದಿಲ್ಲ, ತಲೆ ತಗ್ಗಿಸಿಕೊಂಡು ಮುಂದೆ ಹೋಗುತ್ತಾಳೆ. ಅದು ನಡೆದು ಬಂದ ರೀತಿ. ನಮ್ಮ ಆಯಿ ನಿಂತಳು. ಮಲಾರದ ಮೇಲೆ ಸೆರಗು ಮುಚ್ಚಿ ಬಾಗಿಲ ಹಿಂದೆ ಇಟ್ಟು, "ನೀರ ಕೊಡ ಸುಂದ್ರೀ" ಎಂದು ಕಟ್ಟೆಯ ಮೇಲೆ ಕೂತಳು. ಅಲ್ಲಿಂದ ಮುಂದೆ ಕಟಕೋಳಕ್ಕೆ ಹೋದಾಗಲೆಲ್ಲ ಮೊದಲು ಆ ಕಟ್ಟೆ, ಆಮೇಲೆ ವ್ಯಾಪಾರ. ಊರಿನವರು ಗೊಣಗಿದರು. ಗೊಣಗಿದವರ ಸೊಸೆಯರೇ ಆಯಿಯ ಹತ್ತಿರ ಬಳೆ ಇಟ್ಟುಕೊಂಡರು.

ಆಮೇಲೆ ಆಯಿಯ ಮೊಣಕಾಲು ಕೈಕೊಟ್ಟವು. ಮಗ ಸರ್ಫರಾಜ ಟೆಂಪೋ ಹೊಡೆಯುತ್ತಾನೆ, ಸೊಸೆ ಫರೀನ್ ಒಳ್ಳೆಯವಳು, ಊಟಕ್ಕೆ ಕೊರತೆಯಿಲ್ಲ. ಆದರೆ ಮಾತಿನ ಮೇಲೆ ಬದುಕಿದವಳಿಗೆ ಬರೀ ಊಟ ಸಾಕೇ? ಹೊಸ್ತಿಲಲ್ಲಿ ಕೂತು ನನ್ನ ಹೊಲಿಗೆ ಯಂತ್ರದ ಜೊತೆ ಜಗಳವಾಡುತ್ತಿದ್ದಳು.

ಎರಡು ಸಾವಿರದ ಏಳನೆಯ ಇಸವಿಯ ಸುಮಾರಿಗೆ ಮನೆಮನೆಗೆ ಮೊಬೈಲು ಬಂದವು. ಬಸ್ ಸ್ಟ್ಯಾಂಡಿನ ಎದುರು ನಾಣ್ಯ ಹಾಕಿ ಮಾತಾಡುವ ಫೋನಿನ ಡಬ್ಬಿ ಅಂಗಡಿ ಇಟ್ಟುಕೊಂಡಿದ್ದ ಶೈಲಜಾ ಮೊಬೈಲಿಗೆ ಕರೆನ್ಸಿ ಹಾಕುವ ಕೆಲಸಕ್ಕೆ ತಿರುಗಿದಳು. ಆ ಹುಡುಗಿಯ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಮನೆಯವರು ಬಳಸಿ ಬಿಟ್ಟ ಹಳೆಯ ಫೋನುಗಳನ್ನು ಮುದುಕ ಮುದುಕಿಯರಿಗೆ ಕೊಡಿಸಿ, ಇಬ್ಬಿಬ್ಬರ ಜೋಡಿ ಮಾಡಿದಳು. ಮುಂಜಾನೆ ಎದ್ದು ಒಬ್ಬರಿಗೊಬ್ಬರು ಒಂದು ಮಿಸ್ ಕಾಲ್ ಕೊಡಬೇಕು, ಅಷ್ಟೇ. ಆಯಿಯ ಜೋಡಿ ಸುಂದರವ್ವ.

"ಒಮ್ಮೆ ಬಾರಿಸಿ ನಿಂತಿತು ಅಂದ್ರ ಅವರು ಆರಾಮ ಅದಾರ ಅಂತ ತಿಳ್ಕೋರಿ ಆಯಿ" ಎಂದು ಶೈಲಜಾ ಕಲಿಸಿದಳು. "ಎತ್ತಬ್ಯಾಡ್ರಿ. ಎತ್ತಿದ್ರ ಅವರ ಕರೆನ್ಸಿ ಖಾಲಿ ಆಗತೈತಿ, ಮರುದಿನ ಬಾರಸಾಕ ಬರೂದಿಲ್ಲ. ಬಾರಿಸಲೇ ಇಲ್ಲ ಅಂದ್ರ ನನಗ ಬಂದ ಹೇಳ್ರಿ."

ಪದ್ಧತಿ ಚೆನ್ನಾಗಿ ನಡೆಯಿತು. ಮುಂಜಾನೆ ಫೋನು ಒಮ್ಮೆ ಕೂಗಿ ಸುಮ್ಮನಾದರೆ ಆಯಿ "ಸುಂದ್ರಿ ಎದ್ದಾಳ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಚಹಾ ಕುಡಿಯುತ್ತಿದ್ದಳು.

ಕೆಟ್ಟದ್ದು ಬಸಯ್ಯನಿಂದ ಆಯಿತು. ನಮ್ಮ ಓಣಿಯ ಈ ಮುದುಕನ ಜೋಡಿ ದೊಡವಾಡದ ಜಟ್ಟೆಪ್ಪ. ಒಂದು ದಿನ ಫೋನು ನಿಲ್ಲದೆ ಬಾರಿಸಿತು, ಬಸಯ್ಯ ಎತ್ತಿದ. ಆ ಕಡೆಯಿಂದ ಜಟ್ಟೆಪ್ಪನ ಮಗ, "ಅಪ್ಪ ಹೋದ್ರಿ" ಎಂದ. ಬಸಯ್ಯ ಅದನ್ನು ಎಲ್ಲರ ಮನೆಗೆ ಹೋಗಿ ಹೇಳಿದ. ಹೇಳಿದವನು ಕೊನೆಗೆ "ಎತ್ತಬಾರದಿತ್ತು" ಎಂದು ಬೇರೆ ಸೇರಿಸುತ್ತಿದ್ದ. ಮಾಡಲಿಕ್ಕೆ ಕೆಲಸವಿಲ್ಲದ ಬಾಯಿ ಅದು. ಆಯಿಯ ಮನಸ್ಸಿನಲ್ಲಿ ಆ ಮಾತು ಕೂತುಬಿಟ್ಟಿತು.

ಶ್ರಾವಣದ ಒಂದು ಮುಂಜಾನೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಆಯಿಯ ಫೋನು ಬಾರಿಸಿತು. ನಿಲ್ಲಲಿಲ್ಲ. ತಾನಾಗಿ ಕಡಿದುಹೋಗಿ ಮತ್ತೆ ಬಾರಿಸಿತು. ನಾನು ಹೋಗಿ ನೋಡಿದರೆ ಆಯಿ ಫೋನನ್ನು ನೆಲದ ಮೇಲಿಟ್ಟು ದೂರ ಕೂತಿದ್ದಳು. ಸರ್ಫರಾಜ ಬಾಡಿಗೆಗೆ ಹೋಗಿದ್ದ, ಫರೀನ್ ನೀರಿಗೆ ಹೋಗಿದ್ದಳು.

"ಎತ್ರಿ ಆಯಿ" ಎಂದೆ.

"ಎತ್ತೂದಿಲ್ಲ."

"ಯಾಕ್ರಿ?"

"ಎತ್ತಿದ್ರ ಹೋಗಿಬಿಡ್ತಾಳ ಸುಂದ್ರಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಗಂಟೆ ಬರದಿದ್ದರೆ ಏನು ಮಾಡಬೇಕೆಂದು ಶೈಲಜಾ ಕಲಿಸಿದ್ದಳು. ನಿಲ್ಲದೆ ಬಂದರೆ ಏನು ಮಾಡಬೇಕೆಂದು ಯಾರಿಗೂ ಕಲಿಸಿರಲಿಲ್ಲ. ನಾನು ಕೈ ಚಾಚಿದೆ. ಆಯಿ ಫೋನನ್ನು ಎಲೆ ಅಡಿಕೆಯ ಚೀಲಕ್ಕೆ ತುರುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಶೈಲಜಾಳನ್ನೇ ಕೇಳೋಣವೆಂದು ಆಯಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದರೆ ಶೈಲಜಾಳ ಅಂಗಡಿಗೆ ಬೀಗ. ಬೈಲಹೊಂಗಲಕ್ಕೆ ನಿಶ್ಚಯಕ್ಕೆ ಹೋಗಿದ್ದಾಳಂತೆ. ಎದುರಿಗೆ ರಾಮದುರ್ಗದ ಬಸ್ಸು ನಿಂತಿತ್ತು, ಕಟಕೋಳದ ಮೇಲೆ ಹೋಗುವಂಥದ್ದು. ಹೊಸ್ತಿಲು ದಾಟಲು ಗೋಡೆ ಹಿಡಿಯುತ್ತಿದ್ದ ಮುದುಕಿ ಆ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು. ಹೇಗೆ ಹತ್ತಿದಳೋ ನನಗೆ ಇಂದಿಗೂ ತಿಳಿದಿಲ್ಲ. ಅಂಗಡಿ ತೆರೆದದ್ದು ತೆರೆದಂತೆಯೇ ಬಿಟ್ಟು ನಾನೂ ಹತ್ತಿದೆ.

ದಾರಿಯಲ್ಲಿ ಚೀಲದೊಳಗೆ ಫೋನು ಮತ್ತೆ ಕೂಗಿತು. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಆಯಿ, ನಿಮ್ಮ ಫೋನ ಬಂದೈತ್ರಿ" ಎಂದ ಕಂಡಕ್ಟರ್.

"ಗೊತ್ತೈತಿ, ನೀ ತಿಕೀಟ ಹರಿ."

"ಮತ್ತ ಎತ್ರಿ?"

"ಎತ್ತಾಕ ಬರೂದಿಲ್ಲ ಅದು."

ಅವನು ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ಹೆಸರುಕಾಳಿನ ಹೊಲ ನೋಡಿದೆ. ನನಗೇ ತಲೆಬುಡ ತಿಳಿಯುತ್ತಿರಲಿಲ್ಲ. ಫೋನು ಬಾರಿಸಿದರೆ ಎದೆ ಹಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಪೂರ್ತಿ ಸುಮ್ಮನಾಯಿತು, ಆಗ ಇನ್ನೂ ಹೆಚ್ಚು ಹಾರಿತು. ಆಯಿ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಯಾಕ ನಿಂತಿತು? ನಿಜಗುಣಿ, ಯಾಕ ನಿಂತಿತೋ?" ಎಂದು ಕೇಳುತ್ತಲೇ ಇದ್ದಳು.

ಕಟಕೋಳದಲ್ಲಿ ಇಳಿದು ಓಣಿ ತಿರುಗಿದಾಗ ಆಯಿ ನನ್ನ ತೋಳು ಹಿಡಿದಳು. "ಮಂದಿ ಕೂಡ್ಯಾರೇನ ನೋಡು. ನಾ ನೋಡೂದಿಲ್ಲ."

ನಾನು ನೋಡಿದೆ. ಮಂದಿ ಇರಲಿಲ್ಲ. ಕಟ್ಟೆಯ ಮೇಲೆ ಸುಂದರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಪಕ್ಕದಲ್ಲಿ ಫೋನು.

"ಸತ್ತಿದ್ದೇನ ನೀ? ಮುಂಜಾನಿಂದ ಬಾರಸಾಕ ಹತ್ತೇನಿ!" ಎಂದು ಸುಂದರವ್ವ ಅಲ್ಲಿಂದಲೇ ಚೀರಿದಳು.

"ನೀ ಸತ್ತಿ ಅಂತ ಬಂದೆ ನಾ!" ಎಂದು ಆಯಿ ಇಲ್ಲಿಂದ ಚೀರಿದಳು. ಕಟ್ಟೆಗೆ ಹೋಗಿ ಕುಸಿದು ಕೂತು ಗೆಳತಿಯ ಬೆನ್ನಿಗೆ ಎರಡು ಗುದ್ದು ಹಾಕಿದಳು. ಜೋಳ ಚೆಲ್ಲಿತು. ಇಬ್ಬರೂ ಅತ್ತರು. ನನಗೂ ಕಣ್ಣು ತುಂಬಿತು, ಸಿಟ್ಟೂ ಬಂತು.

"ಮತ್ತ ಯಾಕ ಬಾರಿಸಿದ್ರಿ ಯವ್ವಾ?" ಎಂದು ಕೇಳಿದೆ.

ಸುಂದರವ್ವ ಚೆಲ್ಲಿದ ಕಾಳು ಬಳಿಯುತ್ತ ಹೇಳಿದಳು: "ಮುಂಜಾನಿ ಎದ್ದಕೂಡ್ಲೆ ಈಕಿನ್ನ ನೆನಸಿದೆ. ಮಾರಿ ನೆನಪಾತು, ಕೈ ನೆನಪಾತು. ದನಿ ನೆನಪಾಗಲಿಲ್ಲ. ಎಷ್ಟ ತಿಣಕಿದ್ರೂ ಬರವಲ್ದು. ದಿನಾ ಬಾರಸ್ತಾಳ, ಅದಾಳ ಅಂತ ಗೊತ್ತಾಗತೈತಿ. ಅದಾಳ ಅಂತ ಗೊತ್ತಾದ್ರ ಆತೇನು? ಕರೆನ್ಸಿ ಮುಗದ್ರ ಮುಗೀಲಿ ಅಂತ ಬಾರಿಸಿದೆ."

ಆಯಿ ಬಾಗಿ ಗೆಳತಿಯ ಜೊತೆ ಕಾಳು ಬಳಿಯತೊಡಗಿದಳು.

"ಈಗ ಬಂದಾಳಲ್ರಿ, ಕೇಳ್ರಿ ದನಿ" ಎಂದೆ.

"ಹಂಗಲ್ಲ. ನಾಳಿಗೆ ಈಕಿ ತನ್ನ ಊರಿಗೆ ಹೋಗತಾಳ. ಈ ಡಬ್ಬ್ಯಾಗ ಬರತೈತೋ ಇಲ್ಲೋ ನೋಡ್ಬೇಕು" ಎಂದು ಸುಂದರವ್ವ ಹಟ ಹಿಡಿದು ಗುಂಡಿ ಒತ್ತಿದಳು. ಒಂದು ಗೇಣು ದೂರದಲ್ಲಿ ಆಯಿಯ ಚೀಲ ಕೂಗಿತು. ಆಯಿ ಫೋನು ತೆಗೆದು ನನ್ನ ಕಡೆ ನೋಡಿದಳು. ನಾನು ಹಸಿರು ಗುಂಡಿ ತೋರಿಸಿದೆ. ಕಣ್ಣು ಮುಚ್ಚಿಕೊಂಡು ಒತ್ತಿದಳು. ಸುಂದರವ್ವ ಆ ಕಡೆ ಮುಖ ತಿರುಗಿಸಿ ಫೋನನ್ನು ಕಿವಿಗೆ ಅಮುಕಿಕೊಂಡಳು.

"ಏನ ಹೇಳ್ಲಿ?" ಎಂದಳು ಆಯಿ.

"ಓಣ್ಯಾಗ ಕೂಗತಿದ್ದೆಲ್ಲ, ಅದನ್ನ ಕೂಗು."

"ನಿನ್ನ ಕಟ್ಟಿ ಮ್ಯಾಲ ಕುಂತ ಬಳಿ ಕೂಗ್ಲೇನ?"

"ಹೂಂ. ಕೂಗು."

ಆಯಿ ಗಂಟಲು ಸರಿಮಾಡಿಕೊಂಡಳು. "ಬಳೀ... ಬಳಿ ಇಟಗೊಳ್ರೆವ್ವಾ ಬಳೀ..."

ಮೊದಲು ದನಿ ನಡುಗಿತು, ಎರಡನೆಯ ಸಲ ಎದ್ದಿತು. ಎದುರು ಮನೆಯ ಬಾಗಿಲು ತೆರೆಯಿತು. ಆಚೆ ಮನೆಯದೂ ತೆರೆಯಿತು. ಹಿಟ್ಟಿನ ಕೈಯ ಸೊಸೆಯೊಬ್ಬಳು ಹೊರಗೆ ಬಂದು ಅತ್ತಿತ್ತ ನೋಡಿದಳು.

"ಬಳಿ ಎಲ್ಲಿ ಅವ ಆಯಿ?"

ಆಯಿ ತನ್ನ ಬರಿಗೈ ನೋಡಿಕೊಂಡಳು. "ತಂದಿಲ್ಲವ್ವಾ" ಎನ್ನುವಷ್ಟರಲ್ಲಿ ಸುಂದರವ್ವ ಫೋನು ಕಿವಿಯಿಂದ ತೆಗೆಯದೆಯೇ ಆ ಹುಡುಗಿಗೆ ಹೇಳಿದಳು: "ತಂದಾಳ. ನನಗಷ್ಟ ತಂದಾಳ. ನೀ ಒಳಗ ನಡಿ."