ನಡುವಿನ ಸಾಲಿನ ಮೂಟೆಗಳು

ಶಿರಾದ ಹೆದ್ದಾರಿ ಪಕ್ಕದ ಕಡಲೆಕಾಯಿ ಮಿಲ್ಲೊಂದರಲ್ಲಿ ನಾನು ಹತ್ತೊಂಬತ್ತು ವರ್ಷ ಕಾಯಿ ನೋಡಿದ್ದೇನೆ. ನೋಡುವುದೆಂದರೆ ಬರೀ ಕಣ್ಣಿಂದಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಣಗಿದ ಕಾಯಿ ಗಲಗಲ ಅನ್ನಬೇಕು. ಬೀಜವನ್ನು ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಉದುರಬೇಕು, ಹಲ್ಲಿಗೆ ಕೊಟ್ಟರೆ ಕಟಕ್ಕನೆ ಮುರಿಯಬೇಕು. ನಾನು ಹೂಂ ಅಂದರೆ ಲಾರಿ ಒಳಗೆ, ಊಹೂಂ ಅಂದರೆ ವಾಪಸ್ಸು. ಏನು ಓದಿದ್ದೀಯಮ್ಮ ಎಂದು ಹಳೆಯ ಮಾಲೀಕರು ಒಂದು ದಿನವೂ ಕೇಳಲಿಲ್ಲ. ನಾನು ಹತ್ತನೇ ಕ್ಲಾಸಿನ ಗಣಿತದಲ್ಲಿ ಡುಮ್ಕಿ ಹೊಡೆದವಳು.

ಮಿಲ್ಲು ಕೈ ಬದಲಾಯಿತು. ಹೊಸಬರು ತೇವ ಅಳೆಯುವ ಮೀಟರು ತಂದರು, ಕ್ವಾಲಿಟಿ ಸೂಪರ್‌ವೈಸರ್ ಅಂತ ಒಂದು ಹುದ್ದೆ ಮಾಡಿದರು. ಅದು ನನ್ನ ಕೆಲಸವೇ ತಾನೆ? ಅರ್ಜಿ ಬರೆದುಕೊಂಡು ಹೋದೆ. ಮ್ಯಾನೇಜರು ಓದಲೂ ಇಲ್ಲ.

“ಡಿಗ್ರಿ ಇರ್ಬೇಕು ಕಣಮ್ಮ. ಮೇಲಿನೋರ ರೂಲ್ಸು, ನಾನೇನ್ ಮಾಡ್ಲಿ?”

“ಹತ್ತೊಂಬತ್ತು ವರ್ಷ ನಾನೇನು ಇಲ್ಲಿ ಕತ್ತೆ ಕಾಯ್ತಿದ್ನಾ ಸಾರ್?”

“ಬರೋರಿಗೆ ನೀನೇ ಕೆಲ್ಸ ಹೇಳ್ಕೊಡು. ಇಲ್ಲೇ ಇರ್ತೀಯಲ್ಲ, ಬುಡು,” ಅಂದ.

ಮೈ ಉರಿದುಹೋಯಿತು. ಹೇಳಿಕೊಡುವುದಕ್ಕೆ ಡಿಗ್ರಿ ಬೇಡವಂತೆ, ಮಾಡುವುದಕ್ಕೆ ಬೇಕಂತೆ. ಯಾವ ಸೀಮೆಯ ನ್ಯಾಯ ಇದು!

ಬಂದವಳು ಮಧುಗಿರಿ ಕಡೆಯ ಹುಡುಗಿ, ಬಿ.ಎಸ್ಸಿ. ದ್ವೇಷ ಮಾಡೋಣವೆಂದರೆ ಅದಕ್ಕೂ ಅವಳು ಆಸ್ಪದ ಕೊಡಲಿಲ್ಲ. ಅಕ್ಕಾ ಅಕ್ಕಾ ಎಂದು ಹಿಂದೆಯೇ ತಿರುಗುತ್ತಿದ್ದಳು, ತಂದ ಬುತ್ತಿಯಲ್ಲಿ ಪಾಲು ಕೊಡುತ್ತಿದ್ದಳು. ಈ ಕೆಲಸ ಹೋದರೆ ಮನೆಯಲ್ಲಿ ಮದುವೆ ಮಾಡಿ ಸಾಗಹಾಕುತ್ತಾರೆ ಎಂದು ಒಮ್ಮೆ ಹೇಳಿದ್ದಳು. ಅಲ್ಲಾಡಿಸುವುದು, ಉಜ್ಜುವುದು, ಕಡಿಯುವುದು ಎಲ್ಲ ಕಲಿಸಿದೆ. ಒಂದನ್ನು ಮಾತ್ರ ಬೇಕೆಂದೇ ನುಂಗಿಕೊಂಡೆ. ಲಾರಿಯ ಹಿಂದಿನ ಸಾಲಿನಲ್ಲಿ ಒಣ ಮೂಟೆ ಇಟ್ಟು ನಡುವಿನ ಸಾಲಿನಲ್ಲಿ ಹಸಿ ಕಾಯಿ ತುಂಬುವುದು ಕೆಲವು ವ್ಯಾಪಾರಿಗಳ ಚಾಳಿ. ಅದಕ್ಕೇ ನಾನು ಲಾರಿ ಹತ್ತಿ ನಡುವಿನ ಮೂಟೆಗೇ ಕೈ ಹಾಕುತ್ತಿದ್ದೆ. ಅವಳೆದುರು ಮಾತ್ರ ಒಮ್ಮೆಯೂ ಹತ್ತಲಿಲ್ಲ.

ಒಂದು ಬೆಳಿಗ್ಗೆ ಮ್ಯಾನೇಜರು ಸ್ಯಾಂಪಲ್ ಕೋಣೆಯಿಂದ ನನ್ನ ಸ್ಟೂಲನ್ನು ಹೊರಗೆ ಹಾಕಿಸಿದ. ಸ್ವಲ್ಪ ಹೊತ್ತಿಗೇ ಪಾವಗಡದ ಕಡೆಯಿಂದ ಲಾರಿ ಬಂತು. ಟಾರ್ಪಾಲು ಎತ್ತಿದ ಕೂಡಲೇ ನನ್ನ ಮೂಗಿಗೆ ಮುಗ್ಗಲು ವಾಸನೆ ಬಡಿಯಿತು.

“ಮಂಚಿ ಸರುಕು ಕಣಕ್ಕಾ, ಒಳ್ಳೇ ಮಾಲು,” ಎಂದು ತೆಲುಗು ಬೆರೆಸಿ ಡ್ರೈವರು ಹಲ್ಲು ಕಿರಿದ.

ಹುಡುಗಿ ಹಿಂದಿನ ಸಾಲಿನ ಮೂರು ಮೂಟೆಯಿಂದ ಕಾಯಿ ತೆಗೆದು, ಸುಲಿದು, ಮೀಟರಿಗೆ ಹಾಕಿದಳು. ಎಲ್ಲ ಸರಿಯಾಗಿಯೇ ಬಂತು. ಆದರೂ ನನ್ನ ಕಡೆ ತಿರುಗಿ, “ತಕೊಳ್ಳಾನ ಏನಕ್ಕಾ?” ಅಂದಳು.

“ಡಿಗ್ರಿ ಓದಿರೋಳು ನೀನು. ನನ್ನೇನ್ ಕೇಳ್ತೀಯ?”

ಅವಳ ಮುಖ ಸಪ್ಪಗಾಯಿತು. ಸಹಿ ಹಾಕಿದಳು.

ವಾರ ಕಳೆಯುವಷ್ಟರಲ್ಲಿ ಗೋಡೌನಿನಲ್ಲಿ ಆ ಕಾಯಿಗೆಲ್ಲ ಬೂಷ್ಟು ಹಿಡಿಯಿತು. ಅವಳನ್ನು ಅವತ್ತೇ ಕೆಲಸದಿಂದ ತೆಗೆದರು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಗಿತ್ತು. ಇನ್ನಾದರೂ ಇವರಿಗೆ ಬುದ್ಧಿ ಬಂದಿರಬೇಕು ಎಂದುಕೊಂಡು ಮಾರನೇ ದಿನವೇ ಇನ್ನೊಂದು ಅರ್ಜಿ ಬರೆದು ಮ್ಯಾನೇಜರ ಮೇಜಿನ ಮೇಲಿಟ್ಟೆ.

“ಈ ಸಲ ಎಂ.ಎಸ್ಸಿನೇ ಬೇಕಂತೆ ಕಣಮ್ಮ. ಬಿ.ಎಸ್ಸಿ ಸಾಲ್ದೆ ಇಂಗಾಯ್ತು ಅಂತವ್ರೆ,” ಅಂದ. ಆಮೇಲೆ ನಕ್ಕ. “ಆ ಹುಡ್ಗಿ ಹೋಗೋವಾಗ ನಿನ್ ಪರವಾಗಿ ಹೇಳ್ತು. ‘ಅಕ್ಕನ್ನ ಒಂದ್ಮಾತೂ ಕೇಳ್ದೆ ಸಹಿ ಹಾಕ್ಬುಟ್ಟೆ, ತಪ್ಪು ನಂದೇ, ಈ ಕೆಲ್ಸ ಅಕ್ಕಂಗೇ ಕೊಡಿ’ ಅಂತು. ಪಾಪ, ಒಳ್ಳೇ ಹುಡ್ಗಿ.”

ಅವಳು ನನ್ನನ್ನು ಕೇಳಿದ್ದಳು. ಅದನ್ನು ನಾನು ಅವನಿಗೆ ಹೇಳಲಿಲ್ಲ. ಮುಂದೆ ಬರುವವರಿಗೆ ಕೆಲಸ ಹೇಳಿಕೊಡುತ್ತೇನೆ ಎಂದು ಒಪ್ಪಿಕೊಂಡು ಹೊರಗೆ ಬಂದೆ.