ಅವ್ವನಿಗೆ ಕೊಟ್ಟ ಕಂದು ಕನ್ನಡಕ

ಚಿತ್ರದುರ್ಗದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಬಾಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ಕುರಿ ಸಾಕುವ ಮನೆಗಳಿಂದ ಈ ಓದು ಓದಿದವಳು ನಾನೊಬ್ಬಳೇ. ಹಾಗಾಗಿ ಅವ್ವನಿಗೆ ಕನ್ನಡಕ ಬೇಕಾದಾಗ ಇದ್ದುದರಲ್ಲೇ ಚೆಂದದ ಫ್ರೇಮ್ ಆರಿಸಿ, ಗಾಜಿಗೆ ಗಾಢ ಕಂದು ಬಣ್ಣ ಹಾಕಿಸಿದೆ. ಬಯಲಿನಲ್ಲಿ ಕುರಿಗಳ ಹಿಂದೆ ತಿರುಗುವವಳಿಗೆ ಬಿಸಿಲಿನಲ್ಲಿ ತಂಪಾಗಿರಲಿ ಎಂದುಕೊಂಡೆ. ಅವ್ವ ಅದನ್ನು ಮಲಗುವಾಗ ಬಿಟ್ಟರೆ ತೆಗೆಯುತ್ತಲೇ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಅತ್ತಿಗೆ ಫೋನ್ ಮಾಡಿದರು.

"ಅತ್ತೆಗೆ ಕಣ್ಣು ಮಂಜಾಗ್ಯಾವೆ ಅನ್ಸುತ್ತೆ ಕಣಮ್ಮ. ಕರೇ ಉಣ್ಣೆ ಜತಿಗೆ ಕಂದು ಉಣ್ಣೆನೂ ಸೇರಿಸ್ಬಿಟ್ಟವ್ರೆ. ಕಂಬಳಿ ನೇಯೋರು ವಾಪಸ್ ಕಳ್ಸವ್ರೆ."

ನನಗೆ ಗಾಬರಿಯಾಯಿತು. ಅವ್ವ ಬಣ್ಣ ನೋಡಿ ವಿಂಗಡಿಸಿದ ಉಣ್ಣೆಯನ್ನು ನೇಯುವವರು ಮತ್ತೆ ಕೆದಕಿ ನೋಡಿದ್ದೇ ಇಲ್ಲ. ಭಾನುವಾರ ಊರಿಗೆ ಹೋದೆ. ಟಾರ್ಚ್ ಹಿಡಿದು ನೋಡಿದರೆ ಪೊರೆ ಬಂದಂತಿರಲಿಲ್ಲ. ಅಂಗಳದ ಬಿಸಿಲಿನಲ್ಲಿ ಉಣ್ಣೆಯ ಬಣ್ಣಗಳನ್ನೆಲ್ಲ ಸರಿಯಾಗಿಯೇ ಗುರುತಿಸಿದಳು.

"ದುರ್ಗದ ಆಸ್ಪತ್ರೆಗೆ ಹೋಗಾಣ ನಡಿಯವ್ವ" ಎಂದೆ.

"ಹೋಗಾಣಂತೆ. ಮದ್ಲು ಸಂಜಿ ತನಕ ಕುಂತ್ಕ."

ಆಗ ಹೊಳೆಯಿತು: ಅವಳು ಉಣ್ಣೆ ಹಿಡಿಯುವುದು ಕುರಿಗಳನ್ನು ದೊಡ್ಡಿಗೆ ಕೂಡಿ ಬಂದ ಮೇಲೆ, ಹೊತ್ತು ಮುಳುಗುವಾಗ. ಮಬ್ಬಾಗುತ್ತಲೇ ಪಡಸಾಲೆಯಲ್ಲಿ ಎರಡು ಹಿಡಿ ಉಣ್ಣೆ ಇಟ್ಟು, ಕನ್ನಡಕವನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಹಾಕಿಕೊಂಡೆ. ಎರಡೂ ಒಂದೇ ಕಪ್ಪು. ತೆಗೆದೆ. ಒಂದು ಕಪ್ಪು, ಇನ್ನೊಂದು ಕಂದು.

"ಹಗಲಾಗೆ ಬೇಕಾದಷ್ಟು ಬೆಳಕಿರ್ತೈತೆ, ಈ ಕಂದು ಗಾಜು ಒಂದಿಷ್ಟು ತಿಂದ್ರೂ ಮಿಗ್ತೈತೆ. ಈಗ ಇರೋದೇ ಚೂರು. ಅದ್ರಾಗೂ ಇದು ತಿಂದ್ರೆ ಕಣ್ಣಿಗೆ ಏನು ಉಳೀತೈತೆ? ನನ್ನ ಕಣ್ಣಿಗೆ ಏನೂ ಆಗಿಲ್ಲ ಕಣೇ."

ಇದನ್ನೇ ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾಗಿದ್ದೆ. ಆದರೂ ಕನ್ನಡಕ ಹಾಕಿಕೊಂಡು ಸಂಜೆ ಏನು ಮಾಡುತ್ತೀಯ ಎಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಫೋನಿನಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ಕೊಟ್ಟಿದ್ದಲ್ವಾ? ಖಾತ್ರಿ ಆಗ್ದಲೆ ಹೆಂಗೆ ಹೇಳ್ಲಿ? ನಾಕು ಸಂಜಿ ಹಾಕ್ಕಂಡು, ತೆಗ್ದು ನೋಡ್ದೆ."

ಶಾಲೆಯ ಮುಖ ನೋಡದವಳು ಒಬ್ಬಳೇ ಕುಳಿತು ನಾಲ್ಕು ಸಂಜೆ ಪರೀಕ್ಷಿಸಿದ್ದಳು. ನನ್ನ ನಾಚಿಕೆ ಅಲ್ಲೇ ಕರಗಿ ಹೆಮ್ಮೆಯಾಯಿತು.

ಬಣ್ಣವಿಲ್ಲದ ಗಾಜಿನ ಇನ್ನೊಂದು ಕನ್ನಡಕ ಮಾಡಿಸಲು ಮುಂದಿನ ವಾರ ಅವಳನ್ನು ಅಂಗಡಿಗೆ ಕರೆಸಿದೆ. ಅವಳು ಬೆಂಚಿನ ಮೇಲೆ ಕುಳಿತಿದ್ದಾಗ ಹಿರಿಯೂರಿನ ಕಡೆಯ ಲಾರಿ ಡ್ರೈವರೊಬ್ಬ ಬಂದ.

"ರಾತ್ರಿ ಎದುರುಗಡೆ ಗಾಡಿ ಲೈಟು ಕಣ್ಣಿಗೆ ಹೊಡೀತೈತೆ. ಹಳದಿ ಗ್ಲಾಸ್ ಕೊಡ್ರಿ ಮೇಡಂ."

ರಾತ್ರಿ ಬಣ್ಣದ ಗಾಜು ಬೇಡ ಎಂದು ನಾನು ವಿವರಿಸಲು ಹೊರಟರೆ ಅವನು ಕೇಳಲೇ ಇಲ್ಲ. "ಎಲ್ರೂ ಹಾಕ್ಕಂತಾರಲ್ರಿ" ಎಂದ.

ಅವ್ವ ಬಾಯಿ ಹಾಕಿದಳು. "ಏನಪ್ಪ, ಎದುರು ಲೈಟು ಕಮ್ಮಿ ಆಗ್ತೈತೆ, ಸರಿ. ಕತ್ತಲಾಗೆ ರಸ್ತೆ ದಾಟೋ ಕುರಿನೂ ಕಮ್ಮಿ ಕಾಣ್ತೈತಲ್ಲ?"

ನಾನು ಅವನಿಗೆ ಹಳದಿ ಕನ್ನಡಕ ಕೊಟ್ಟು ಮೆಟ್ಟಿಲ ಕೆಳಗಿನ ಮಬ್ಬು ಕೋಣೆಗೆ ಕರೆದೊಯ್ದು, ಅಲ್ಲಿದ್ದ ಕ್ಯಾಲೆಂಡರ್ ಓದಿಸಿದೆ. ಅವನಿಗೆ ತಾರೀಖಿನ ದಪ್ಪ ಅಂಕಿಗಳಷ್ಟೇ ಕಂಡವು. ಕನ್ನಡಕ ತೆಗೆದ ಮೇಲೆ ಹಬ್ಬದ ಹೆಸರುಗಳನ್ನೂ ತಡವರಿಸುತ್ತಾ ಓದಿದ. ಹೊರಗೆ ಬಂದವನೇ ಪರೀಕ್ಷೆಯ ಕುರ್ಚಿಯಲ್ಲಿ ಕುಳಿತ. "ಕಣ್ಣೇ ನೋಡಿಬಿಡ್ರಿ" ಎಂದ. ಸಣ್ಣ ಪವರ್ ಇತ್ತು. ಎದುರಿನ ದೀಪ ಅಷ್ಟು ಚೆದುರಿ ಕಾಣುತ್ತಿದ್ದುದಕ್ಕೆ ಅದೂ ಕಾರಣ. ಬಣ್ಣವಿಲ್ಲದ ಗಾಜಿಗೇ ಆರ್ಡರ್ ಕೊಟ್ಟು ಹೋದ.

ಅಂಗಡಿಯ ಮಾಲೀಕರು ಮೆಲ್ಲಗೆ ಕೇಳಿದರು: "ಆಯಮ್ಮ ಯಾರು? ಯಾವ್ದಾದ್ರೂ ಕಣ್ಣಿನ ಆಸ್ಪತ್ರೇಲಿ ಕೆಲ್ಸಕ್ಕೆ ಇದ್ರಾ?"

"ಇಲ್ಲ ಸಾರ್, ಕುರಿ ಸಾಕ್ತಾರೆ. ನಮ್ಮವ್ವ" ಎಂದೆ, ಸ್ವಲ್ಪ ಜೋರಾಗಿಯೇ.