ಲಿಂಗಸಾಮಿ ಹಾಕಿದ ಗಂಟು

ವೆಳ್ಳಿಯಂಗಿರಿ ಬೆಟ್ಟದಲ್ಲಿ ಹೊರೆ ಹೊತ್ತ ಕೂಲಿ ಮಾರಪ್ಪನ್‌ಗೆ ಇನ್ನೂ ಬಂದಿಲ್ಲ. ಕೊಡಬೇಕಾದವರು ಕೋಯಮತ್ತೂರಿನ ಒಬ್ಬ ವಕೀಲರು. ಬಾರದ ಹಾಗೆ ಮಾಡಿದವನು ಅವನ ಸ್ವಂತ ಅಕ್ಕನ ಗಂಡ ಲಿಂಗಸಾಮಿ.

ಇಬ್ಬರೂ ಕೋಯಮತ್ತೂರಿನ ಪಕ್ಕದ ವಡವಳ್ಳಿಯ ಕನ್ನಡ ಮನೆಮಾತಿನ ನೇಕಾರರು. ಮೂವತ್ತೆರಡನೇ ಇಸವಿಯಲ್ಲಿ ಸೀರೆ ಕೊಳ್ಳುವವರೇ ಇಲ್ಲದೆ ಸಾಹುಕಾರರು ನೂಲು ಕೊಡುವುದನ್ನು ನಿಲ್ಲಿಸಿದರು. ಮಗ್ಗದ ಗುಂಡಿಯಲ್ಲಿ ಕೋಳಿ ಮಲಗಿತು. ಆಗ ಈ ವಕೀಲರು ಗೆಳೆಯರನ್ನು ಕಟ್ಟಿಕೊಂಡು ಒಂದು ವಾರ ಬೆಟ್ಟ ಸುತ್ತಲು ಹೊರಟರು. ದೊರೆಗಳ ಹಾಗೆ ಸುಮ್ಮನೆ ನಡೆಯುವುದು, ನೋಡುವುದು, ಉಣ್ಣುವುದು. ವರ್ಷಾವರ್ಷ ಶಿವನ ದರ್ಶನಕ್ಕೆ ಆ ಬೆಟ್ಟ ಹತ್ತುತ್ತಿದ್ದ ಲಿಂಗಸಾಮಿ ದಾರಿ ತೋರಿಸುವವನಾದ. ಹೊರೆಗೆ ಮಾರಪ್ಪನ್‌ನನ್ನು ಕರೆದ. ತನ್ನ ತಪ್ಪಿನಿಂದ ನಡುದಾರಿಯಲ್ಲಿ ನಿಂತವನಿಗೆ ಕೂಲಿಯಿಲ್ಲ ಅಂತ ವಕೀಲರು ಮೊದಲೇ ಹೇಳಿದ್ದರು.

ಬೆಟ್ಟದ ಮೇಲಿನ ಅಂಚಿನಲ್ಲಿ ನಿಂತು ವಕೀಲರು ಪಡುವಣಕ್ಕೆ ಕೈ ಚಾಚಿ, ಅಲ್ಲಿ ಮಿನುಗುತ್ತಿರುವುದು ಕಡಲು ಅಂದರು. ಗೆಳೆಯರೆಲ್ಲ ತಲೆದೂಗಿದರು.

“ಬಾವ, ನಂಗೆ ಬರೀ ಮೋಡ ಕಾಣ್ತದೆ. ಕಡಲು ಕಾಣಕ್ಕೆ ಎಷ್ಟು ಓದಿರ್ಬೇಕು?” ಅಂದ ಮಾರಪ್ಪನ್.

“ತಲೆ ಮೇಲಿನ ಪೆಟ್ಟಿಗೆ ಇಳಿಸಿದ್ರೆ ನಿಂಗೂ ಕಾಣ್ತದೆ. ನಡಿ.”

ಮುಂದೆ ಒದ್ದೆ ಬಂಡೆಯೊಂದನ್ನು ಇಳಿಯಬೇಕಿತ್ತು. ವಕೀಲರು ತಂದಿದ್ದ ಹಗ್ಗ ಸಾಲಲಿಲ್ಲ. ಲಿಂಗಸಾಮಿ ಎರಡು ಹಗ್ಗ ಸೇರಿಸಿ, ಹರಿದ ನೂಲಿಗೆ ಮಗ್ಗದಲ್ಲಿ ಹಾಕುವ ಗಂಟನ್ನೇ ಹಾಕಿದ. ಹಾಕಿ, ಎರಡು ತುದಿಗಳನ್ನೂ ಗಂಟಿನ ಬುಡಕ್ಕೇ ಕತ್ತಿಯಿಂದ ಕತ್ತರಿಸಿದ. ಮಗ್ಗದಲ್ಲಿ ತುದಿ ಉಳಿದರೆ ಬಾಚಣಿಗೆಯಂಥ ಹಣಿಗೆಗೆ ಸಿಕ್ಕಿ ನೂಲು ಹರಿಯುತ್ತದೆ. ಚಿಕ್ಕಂದಿನಿಂದ ಬಂದ ಕೈ ಅದು, ಕೇಳದೆಯೇ ಕೆಲಸ ಮಾಡಿತು.

“ಏನ್ ಬಾವ, ಸೀರೆ ಸೆರಗಿಗಾ ಈ ಗಂಟು?”

“ನಿನ್ನಂಥ ಜರಿ ಇಳೀಬೇಕಲ್ಲ, ಅದಕ್ಕೆ.”

ವಕೀಲರ ಕಡೆಯವರು ಒಬ್ಬೊಬ್ಬರಾಗಿ ಇಳಿದರು. ನಡುನಡುವೆ ಸಡಿಲವಾದ ಹಗ್ಗ ಗಾಳಿಗೆ ಬಂಡೆಗೆ ಬಡಿಯುತ್ತಿತ್ತು. ಹಿಡಿದುಕೊಳ್ಳಲು ತುದಿಯಿಲ್ಲದ ಗಂಟು ಬಿಚ್ಚಿಕೊಳ್ಳುತ್ತಾ ಬಂತು. ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು ಮಾರಪ್ಪನ್ ಅರ್ಧ ಇಳಿದಿದ್ದ, ಹಗ್ಗ ಎರಡಾಯಿತು. ಕೆಳಗೆ ಬಿದ್ದು ಮೊಣಕಾಲು ಒಡೆಯಿತು.

ಮುಂದೆ ನಡೆದಿದ್ದ ವಕೀಲರು ಸದ್ದು ಕೇಳಿ, ಕಾಲು ಜಾರಿತಾ ಅಂತ ಕೆಳಗಿನಿಂದ ತಮಿಳಿನಲ್ಲಿ ಕೂಗಿ ಕೇಳಿದರು. ಲಿಂಗಸಾಮಿಯ ಕೈಯಲ್ಲಿ ಹಗ್ಗದ ಮೇಲಿನ ತುಂಡು ಇತ್ತು. ಅದನ್ನು ಪೊದೆಗೆ ಎಸೆದು “ಆಮಾಂಗ” ಅಂದ. ಹೌದು ಸ್ವಾಮಿ ಅಂತ.

ಮಾರಪ್ಪನ್‌ನನ್ನು ಡೋಲಿಯಲ್ಲಿ ಇಳಿಸಿ ಕಳಿಸಿದರು. ಉಳಿದವರು ವಾರ ಮುಗಿಸಿದರು. ಲಿಂಗಸಾಮಿಗೆ ಪೂರಾ ಕೂಲಿ ಬಂತು, ಮೇಲೊಂದು ಹಳೆಯ ಕೋಟು. ಆ ಕೋಟನ್ನು ಅವನು ತೊಡಲೂ ಇಲ್ಲ, ಮಾರಲೂ ಇಲ್ಲ.

ನೂಲು ಮತ್ತೆ ಬಂತು. ಮಾರಪ್ಪನ್‌ನ ಕಾಲು ಮಡಚಲಿಲ್ಲ. ಕಾಲು ಮಡಚದವನು ಗುಂಡಿ ಮಗ್ಗಕ್ಕೆ ಇಳಿಯುವುದು ಹೇಗೆ? ಒಂದು ದಿನ ಅವನ ಹೆಂಡತಿ ಸುಬ್ಬಾತಾಳ್ ಬೀದಿಯಲ್ಲಿ ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚುತ್ತಾ ಲಿಂಗಸಾಮಿಯನ್ನು ನಿಲ್ಲಿಸಿದಳು.

“ಅಣ್ಣಾ, ಇವ್ರು ನೋಡ್ಕೊಂಡು ಕಾಲಿಡ್ಲಿಲ್ವಂತೆ? ನೀವೇ ಕಣ್ಣಾರೆ ನೋಡಿದ್ರಂತೆ?”

ಲಿಂಗಸಾಮಿ ನೇರ ಒಳಗೆ ಹೋಗಿ ಮಾರಪ್ಪನ್ ಮುಂದೆ ಕೂತು ಎಲ್ಲ ಕಕ್ಕಿದ.

“ಗಂಟು ನಾನೂ ನೋಡ್ದೆ ಬಾವ,” ಅಂದ ಮಾರಪ್ಪನ್. “ತುದಿ ಕತ್ತರಿಸಿದ್ದೂ ನೋಡ್ದೆ. ನಾನಾಗಿದ್ರೂ ಹಂಗೇ ಮಾಡ್ತಿದ್ದೆ. ಆದ್ರೆ ನೀನು ಆಮಾಂಗ ಅಂದಿದ್ದು ಕೆಳಗೆ ಬಿದ್ದಿದ್ದವನಿಗೂ ಕೇಳಿಸ್ತು. ನನ್ ಹತ್ರ ಹೇಳಿ ಏನಾಯ್ತು? ಅವ್ರ ಹತ್ರ ಹೋಗಿ ಹೇಳು.”

ಲಿಂಗಸಾಮಿ ಹೋಗಿ ಹೇಳಿದ. ವಕೀಲರು ಪೂರ್ತಿ ಕೇಳಿಸಿಕೊಂಡು, “ಕಟ್ಟಿದವನು ನೀನು, ಬಿದ್ದವನು ಅವನು. ನಡುವೆ ನಾನೆಲ್ಲಿ ಬಂದೆ?” ಅಂದು ಒಳಗೆ ಹೋದರು.

ಈಗ ಲಿಂಗಸಾಮಿ ತನ್ನ ಮಗ್ಗ ಬಿಟ್ಟು ಎದ್ದಮೇಲೆ ಮಾರಪ್ಪನ್‌ನ ಮಗ್ಗಕ್ಕೆ ಇಳಿಯುತ್ತಾನೆ. ಇಬ್ಬರ ನಡುವೆ ಹಿಂದಿನ ಹಾಗೆ ಮಾತಿಲ್ಲ. ಲಿಂಗಸಾಮಿಯನ್ನು ಯಾರೂ ಹೊಗಳಬೇಕಾಗಿಲ್ಲ. ತನ್ನ ತಪ್ಪು ತಾನು ಹೊರುತ್ತಿದ್ದಾನೆ. ಚಿಕ್ಕ ಹಗ್ಗ ತಂದು ದೊಡ್ಡ ಬಂಡೆ ಇಳಿಸಿದವರು ಮಾತ್ರ ಏನೂ ಹೊತ್ತಿಲ್ಲ. ನಾಳೆ ಬೆಳಿಗ್ಗೆ ನಾವು ನೇಕಾರರೆಲ್ಲ ಮಾರಪ್ಪನ್‌ನ ಕೂಲಿ ಕೇಳಿ ವಕೀಲರ ಬಾಗಿಲಲ್ಲಿ ಕೂರುತ್ತೇವೆ. ಇದನ್ನು ಓದಿ ಮಡಚಿಡಬೇಡಿ. ನೀವೂ ಬಂದು ಕೂರಿ.